ಜೋಬನ ಅವಸರ

"ನಿನ್ನ ಕೈ ಸತ್ತ ಮೀನಿನ ಹಾಗೆ ತಣ್ಣಗಿದೆಯಲ್ಲೇ," ಎಂದಳು ಜಾನೆಡ್, ಕಾಫಿ ಲೋಟವನ್ನು ಮೋನಾಳ ಬೆರಳುಗಳ ನಡುವೆ ತುರುಕುತ್ತಾ. "ಇಷ್ಟು ಹೆದರಿಕೆ ಇದ್ರೆ ಕಾಫಿ ಯಾಕೆ, ಒಂದು ಬಟ್ಟಲು ಸೇಬಿನ ಹೆಂಡ ಕುಡಿ. ಗಂಟಲು ಸಡಿಲ ಆಗುತ್ತೆ. ಮಾನ ಹೋದ್ರೂ ಗೊತ್ತಾಗಲ್ಲ."

"ನೀನು ಸುಮ್ನೆ ದೋಸೆ ತಿರುವು. ಸೀದು ವಾಸನೆ ಬರ್ತಿದೆ."

ಜಾನೆಡ್ ಒಲೆಯ ಕಡೆ ಓಡಿದಳು. ಊರಿನ ಸಭಾಭವನದಲ್ಲಿ ಭಾನುವಾರ ಮಧ್ಯಾಹ್ನದ ಕುಣಿತಕ್ಕೆ ಆಗಲೇ ರಂಗೇರಿತ್ತು. ಕಪ್ಪುಗೋಧಿ ದೋಸೆಯ ಹೊಗೆ, ಒದ್ದೆ ಕೋಟುಗಳ ವಾಸನೆ, ಹಲಗೆ ನೆಲದ ಮೇಲೆ ನೂರಾರು ಕಾಲುಗಳ ಸದ್ದು. ಮೋನಾ ಲೋಟವನ್ನು ಹಿಡಿದೇ ನಿಂತಿದ್ದಳು. ಅರವತ್ತಾರು ವರ್ಷದ ಬಾಳಿನಲ್ಲಿ ಅವಳು ಇಂಥ ಭವನಗಳಿಗೆ ಎಷ್ಟು ಸಲ ಬಂದಿದ್ದಳೋ, ಲೆಕ್ಕವಿಲ್ಲ. ಆದರೆ ಯಾವತ್ತೂ ವೇದಿಕೆಯ ಎದುರಿಗೆ ಬಂದವಳು; ವೇದಿಕೆಯ ಮೇಲಕ್ಕಲ್ಲ.

ಅವಳು ಬರುತ್ತಿದ್ದುದು ಲೋಮ್ ಮತ್ತು ಜೋಬ್ ಹಾಡುವುದನ್ನು ಕೇಳುವುದಕ್ಕೆ. ಇಬ್ಬರೂ ಅಣ್ಣತಮ್ಮಂದಿರ ಮಕ್ಕಳು, ಇಬ್ಬರೂ ರೈತರು. ಹತ್ತು ಹಳ್ಳಿ ಆಚೆ ಅವರು ಹಾಡುತ್ತಾರೆಂದರೂ ಮೋನಾ ಬೇಗ ಅಡುಗೆ ಮುಗಿಸಿ, ಮಕ್ಕಳಿಗೆ ಉಣ್ಣಿಸಿ, ಹಳೆಯ ಕಾರನ್ನು ಹೊರಡಿಸುತ್ತಿದ್ದಳು. "ನನ್ನ ಹೆಂಡತಿಗೆ ಮೂರು ಜನ ಗಂಡಂದಿರು," ಎಂದು ಅವಳ ಗಂಡ ಬದುಕಿದ್ದಷ್ಟು ದಿನ ಊರೆಲ್ಲ ಹೇಳಿಕೊಂಡು ನಗುತ್ತಿದ್ದ. "ಇಬ್ಬರು ಹಾಡ್ತಾರೆ, ಒಬ್ಬ ದುಡೀತಾನೆ."

ಈ ಸೀಮೆಯ ಕುಣಿತದ ಹಾಡಿಗೆ ಇಬ್ಬರು ಬೇಕು. ಒಬ್ಬ ಸಾಲು ಹಾಡುತ್ತಾನೆ. ಸಾಲಿನ ಕೊನೆಯ ಎರಡು ಮಾತು ಬರುವಾಗ ಇನ್ನೊಬ್ಬ ಅವನ ದನಿಗೆ ದನಿ ಕೂಡಿಸಿ, ಅದೇ ಸಾಲನ್ನು ಎತ್ತಿಕೊಂಡು ಮುಂದೆ ಹೋಗುತ್ತಾನೆ. ನಡುವೆ ಕೂದಲೆಳೆಯಷ್ಟೂ ಬಿಡುವು ಇರಕೂಡದು. ಬಿಡುವಾದರೆ ಕುಣಿಯುವವರ ಕಾಲು ಎಲ್ಲಿ ಇಳಿಯಬೇಕು? ಲೋಮ್ ಹಾಡುವವನು, ಜೋಬ್ ಎತ್ತುವವನು. ಐವತ್ತೈದು ವರ್ಷ ಹಾಗೇ ನಡೆಯಿತು. ಕಳೆದ ಚಳಿಗಾಲದಲ್ಲಿ ಜೋಬ್ ಕೊಟ್ಟಿಗೆಯ ಬಾಗಿಲು ಹಾಕಲು ಹೋದವನು ಅಲ್ಲೇ ಕುಸಿದು ತೀರಿಕೊಂಡ.

ಆಮೇಲೆ ಎತ್ತುವುದಕ್ಕೆ ಹುಡುಗರು ಬಂದರು. ಈ ಸೀಮೆಯ ಬ್ರೆಟನ್ ಮಾತನ್ನು ಮನೆಯಲ್ಲಲ್ಲ, ಶಾಲೆಯಲ್ಲಿ ಕಲಿತವರು, ಒಳ್ಳೆಯ ಗಂಟಲಿನವರು. ಲೋಮ್ ಒಬ್ಬೊಬ್ಬರನ್ನೂ ಎರಡು ಹಾಡಿಗೇ ಮನೆಗೆ ಕಳಿಸಿದ. "ಸ್ಟೇಷನ್ನಲ್ಲಿ ರೈಲು ಬಂತು, ರೈಲು ಹೋಯ್ತು ಅಂತ ಕೂಗೋ ಹಾಗೆ ಹಾಡ್ತಾರೆ," ಎಂದ. ಕೊನೆಗೆ ಒಂದು ದಿನ ಕೋಲೂರಿಕೊಂಡು ಮೋನಾಳ ಬಾಗಿಲಿಗೇ ಬಂದ. ಅವಳು ಬಟ್ಟೆ ಒಣಹಾಕುತ್ತಿದ್ದಳು.

"ನಿನಗೆ ಎಲ್ಲಾ ಹಾಡೂ ಬರುತ್ತೆ. ನೀನು ಎತ್ತು."

"ನಾನಾ? ನಾನು ಕೇಳೋಳು, ಲೋಮ್. ಹಾಡೋಳಲ್ಲ."

"ನಲವತ್ತು ವರ್ಷ ಕೇಳಿದೋಳಿಗೆ ಬರದೆ ಇನ್ಯಾರಿಗೆ ಬರುತ್ತೆ? ಭಾನುವಾರದ ಕುಣಿತದಲ್ಲಿ ಒಂದು ಸಲ ನೋಡೋಣ. ಸರಿಹೋದ್ರೆ ಈಸ್ಟರ್ ಹಬ್ಬದ ಕುಣಿತಕ್ಕೆ ಹಾಡೋಕೆ ಬೆಟ್ಟದ ಊರಿಗೆ ಹೋಗೋಣ. ಸರಿಹೋಗ್ಲಿಲ್ಲ ಅಂದ್ರೆ ನಾನು ಬಾಯಿ ಮುಚ್ಕೊಂಡು ಬಿದ್ದಿರ್ತೀನಿ. ಮನೇಲಿ ಕೂತು ನನಗೆ ನಾನೇ ಎಷ್ಟು ದಿನ ಹಾಡ್ಲಿ, ಹೇಳು."

ಆ ಮಾತಿಗೆ ಅವಳಿಗೆ ಇಲ್ಲ ಎನ್ನಲಾಗಲಿಲ್ಲ. ಅವನ ಅಡುಗೆಮನೆಯಲ್ಲಿ ಕೂತು ಕೆಲವು ಮಧ್ಯಾಹ್ನ ಅಭ್ಯಾಸ ಮಾಡಿದರು. ಗಂಟಲು ಉಳಿಸಿಕೊಳ್ಳಬೇಕೆಂದು ಅವನು ಮೆಲುದನಿಯಲ್ಲೇ ಗುನುಗುತ್ತಿದ್ದ. ಅವಳು ಅಲ್ಲಲ್ಲಿ ಹಿಂದೆ ಬೀಳುತ್ತಿದ್ದಳು. "ಚಿಂತೆ ಮಾಡ್ಬೇಡ, ಎದುರಿಗೆ ಕುಣಿಯೋ ಕಾಲು ಕಂಡ್ರೆ ತಾನೇ ಸರಿಹೋಗುತ್ತೆ," ಎಂದು ಅವನೇ ಧೈರ್ಯ ಹೇಳುತ್ತಿದ್ದ.

ಈಗ ಅಕಾರ್ಡಿಯನ್ ನಿಂತಿತು. ಯಾರೋ ಧ್ವನಿವರ್ಧಕದಲ್ಲಿ ಲೋಮ್‌ನ ಹೆಸರು ಕೂಗಿದರು, ಆಮೇಲೆ ಅವಳ ಹೆಸರು. ತನ್ನ ಹೆಸರು ಆ ಭವನದಲ್ಲಿ ಅಷ್ಟು ದೊಡ್ಡದಾಗಿ ಕೇಳಿ ಮೋನಾಳಿಗೆ ನಾಚಿಕೆಯಾಯಿತು.

ಲೋಮ್ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಕಾಲರು ಕತ್ತಿಗೆ ದೊಡ್ಡದಾಗಿತ್ತು. ವೇದಿಕೆಯ ಮೇಲೆ ಅವಳ ಹೆಗಲ ಮೇಲೆ ಕೈ ಹಾಕಿ, ಇನ್ನೊಂದು ಕೈಯನ್ನು ಕಿವಿಗೆ ಒತ್ತಿ, "ಲಾ ಲಾ ಲೇನೋ" ಎಂದು ಶುರುಮಾಡಿದ. ಮಾತಿಲ್ಲದ ಈ ಕರೆಗೆ ಜನ ಎದ್ದು ತೋಳಿಗೆ ತೋಳು ಕೊಟ್ಟು ಸುತ್ತುಗಟ್ಟುವುದು ವಾಡಿಕೆ. ಮೋನಾ ಕಣ್ಣು ಮುಚ್ಚಿ ಎತ್ತಿದಳು. ಬಂತು. ಅವಳ ದನಿ ತೆಳುವಾಗಿದ್ದರೂ ನೆಟ್ಟಗೆ ಹೋಗಿ ಅವನ ದನಿಗೆ ಕೂಡಿತು. ಕೆಳಗೆ ಸುತ್ತು ಕಟ್ಟಿತು, ಅಲುಗಿತು, ಹೊರಟಿತು. ಹಲಗೆ ನೆಲದ ಪೆಟ್ಟು ಅವಳ ಅಂಗಾಲಿಗೆ ಬಂದು ತಾಕಿತು. ಜಾನೆಡ್ ದೋಸೆಯ ಸೌಟು ಹಿಡಿದೇ ಬಂದು ಬಾಗಿಲಲ್ಲಿ ನಿಂತಿದ್ದಳು.

ಹಾಡು, ಮರದ ಮೆಟ್ಟು ಕೆತ್ತುವವನ ಮಗಳದ್ದು. ಎರಡು ಹಸುವಿನ ಒಡೆಯನನ್ನು ಮದುವೆಯಾಗಲಾರೆನೆಂದು ಹಟ ಹಿಡಿದವಳದ್ದು. ಮೊದಲ ಸಾಲುಗಳು ಚೆನ್ನಾಗಿಯೇ ಹೋದವು. ಹೆಗಲ ಮೇಲಿನ ಅವನ ಕೈ ತಾಳ ಹಾಕತೊಡಗಿತು. ಆಗುತ್ತದೆ, ಎಂದುಕೊಂಡಳು ಮೋನಾ. ದೇವರೇ, ಆಗುತ್ತದೆ.

ಹಾಡಿನ ಓಟ ಜೋರಾಯಿತು. "ಮೆಟ್ಟು ಕೆತ್ತುವವನ ಮಗಳು ಬಿಂದಿಗೆ ಹಿಡಿದು ಬಾವಿಗೆ—" ಎಂದು ಲೋಮ್ ಹಾಡಿದ. ಮೋನಾ ಆ ಸಾಲಿನ ಕೊನೆಗೆ ಕಾದಳು. ಅವನ ದನಿ ಅಲ್ಲಿ ಯಾವಾಗಲೂ ಮೆಟ್ಟಿಲಿಳಿಯುವ ಹಾಗೆ ಇಳಿಯುತ್ತಿತ್ತು. ನಲವತ್ತು ವರ್ಷ ಅವಳು ಮನೆಮಠ ಬಿಟ್ಟು ಓಡಿ ಬರುತ್ತಿದ್ದುದು ಆ ಇಳಿತ ಕೇಳುವುದಕ್ಕೆ. ಕಾದಳು. ಅದು ಬರಲಿಲ್ಲ. ಅವನ ತುಟಿ ಅಲುಗುತ್ತಿತ್ತು, ಕತ್ತಿನ ನರ ಉಬ್ಬಿತ್ತು, ಆದರೆ ಅಲ್ಲಿ ದನಿಯೇ ಇರಲಿಲ್ಲ, ಬರೀ ಉಸಿರು. ಅವಳು ಎತ್ತುವಷ್ಟರಲ್ಲಿ ಒಂದು ಹೆಜ್ಜೆ ತಪ್ಪಿತ್ತು.

ಮುಂದಿನ ಸಾಲೂ ಹಾಗೆಯೇ. ಅದರ ಮುಂದಿನದೂ. ಸಾಲಿನ ಕೊನೆ ಬಂದಾಗಲೆಲ್ಲ ಅವನ ಎದೆ ಬರಿದಾಗುತ್ತಿತ್ತು. ಅವನಿಗೆ ಮಾತ್ರ ಅದು ಗೊತ್ತಾಗುತ್ತಿರಲಿಲ್ಲ. ತನ್ನ ತಲೆಯೊಳಗೆ ಅವನು ಪೂರ್ತಿ ಹಾಡುತ್ತಿದ್ದ.

ಜೋಬ್ ಅವಸರದವನು. ಅದು ಎಲ್ಲರಿಗೂ ಗೊತ್ತಿದ್ದ ಹಳೆಯ ತಮಾಷೆ. ಈಚಿನ ವರ್ಷಗಳಲ್ಲಿ ಹಾಡು ಮುಗಿದ ಕೂಡಲೇ ಲೋಮ್ ಜನರಿಗೆ ದೂರು ಹೇಳುತ್ತಿದ್ದ: "ನೋಡ್ರಪ್ಪಾ, ನನ್ನ ಬಾಯಿಂದ ಮಾತು ಕಿತ್ಕೋತಾನೆ ಇವನು. ಮನೇಲಿ ಹಾಲು ಉಕ್ಕುತ್ತೇನೋ ಅನ್ನೋ ಹಾಗೆ!" ಜೋಬ್ ಟೋಪಿ ಸರಿಮಾಡಿಕೊಂಡು, "ಹಸು ಕಾಯ್ತಿರುತ್ತೆ, ಹೋಗ್ಬೇಕು," ಎನ್ನುತ್ತಿದ್ದ. ಭವನವೆಲ್ಲ ನಗುತ್ತಿತ್ತು. ಮೋನಾಳೂ ನಕ್ಕಿದ್ದಳು. ಹಾಗಾದರೆ ಎಷ್ಟು ವರ್ಷದಿಂದ ಆ ಇಳಿತ ಜೋಬನದಾಗಿತ್ತು? ತಾನು ಯಾರ ದನಿ ಕೇಳಿ, ಯಾರ ಹೆಸರು ಹೇಳಿಕೊಂಡು ಮನೆಗೆ ಹೋಗುತ್ತಿದ್ದಳು?

ಕೆಳಗೆ ಸುತ್ತು ಅಲ್ಲಲ್ಲಿ ಮುಗ್ಗರಿಸತೊಡಗಿತ್ತು. ಕೆಲವರು ತಲೆಯೆತ್ತಿ ಅವಳನ್ನು ನೋಡುತ್ತಿದ್ದರು. ಲೋಮ್‌ನ ಕೈ ಅವಳ ಹೆಗಲನ್ನು ಹಿಂಡಿತು: ಬೇಗ, ಬೇಗ. ಮೋನಾ ಮುಂದಿನ ಸಾಲಿಗೆ ಜೋಬ್ ಮಾಡುತ್ತಿದ್ದುದನ್ನೇ ಮಾಡಿದಳು. ಸಾಲು ಅರ್ಧದಲ್ಲಿರುವಾಗಲೇ, ಅವನ ಉಸಿರು ಹರಿಯುವ ಮೊದಲೇ, ಒಳಗೆ ನುಗ್ಗಿದಳು. ಆದರೆ ಜೋಬನ ಎದೆ ಎತ್ತು ಹೂಡಿದವನ ಎದೆ. ಅವಳದು ಮಕ್ಕಳನ್ನು ಮಲಗಿಸಿದ ಗಂಟಲು. ದನಿ ಒಡೆಯಿತು. ಲೋಮ್ ಬೆಚ್ಚಿ ಅವಳ ಕಡೆ ತಿರುಗಿದ. ತಿರುಗಿದವನು ಹಾಡುವುದನ್ನು ನಿಲ್ಲಿಸಿಬಿಟ್ಟ.

ಸುತ್ತು ಒಂದು ಕ್ಷಣ ಹಾಡಿಲ್ಲದೆಯೇ ಸಾಗಿತು. ಕಾಲಿನ ಸದ್ದು ಮಾತ್ರ. ಆಮೇಲೆ ಅದೂ ನಿಂತಿತು. ಯಾರೋ ಚಪ್ಪಾಳೆ ತಟ್ಟಿದರು, ನೋಡಿಕೊಂಡು ಎಲ್ಲರೂ ತಟ್ಟಿದರು. ಬಹಳ ಹೊತ್ತು ತಟ್ಟಿದರು. ಚೆನ್ನಾಗಿ ಹಾಡಿದವರಿಗೆ ಆ ಊರಿನಲ್ಲಿ ಅಷ್ಟು ಹೊತ್ತು ತಟ್ಟುವ ರೂಢಿಯಿಲ್ಲ.

ವೇದಿಕೆಯ ಪಕ್ಕದಲ್ಲಿ ಮಡಿಸಿಟ್ಟ ಮೇಜುಗಳ ಹತ್ತಿರ ಇಬ್ಬರೂ ನಿಂತರು. ಲೋಮ್ ಕರವಸ್ತ್ರದಿಂದ ಕತ್ತು ಒರೆಸಿಕೊಂಡ.

"ಮೊದಮೊದಲು ನೀನು ತಡ ಮಾಡ್ದೆ. ಆಮೇಲೆ ಮೈಮೇಲೇ ಬಿದ್ದೆ. ಜೋಬನಿಗೆ ಅವಸರ, ನಿನಗೆ ನಿಧಾನ. ನನ್ನ ಹಣೇಲಿ ಸರಿಯಾದೋರನ್ನ ಬರೆದೇ ಇಲ್ಲ, ನೋಡು."

"ತಪ್ಪಾಯ್ತು, ಲೋಮ್."

ಅವನು ಕರವಸ್ತ್ರವನ್ನು ಮಡಿಸಿದ. ಮತ್ತೆ ಬಿಚ್ಚಿದ. ಅವಳ ಮುಖ ನೋಡದೆ ಕೇಳಿದ:

"ನಿಜ ಹೇಳು. ನನ್ನ ಹಾಡು ನಿನಗಿಂತ ಹೆಚ್ಚು ಕೇಳಿದೋರು ಈ ಸೀಮೇಲಿಲ್ಲ. ನನ್ನ ದನಿ ಹೇಗಿತ್ತು?"

ಭವನದಲ್ಲಿ ಅಕಾರ್ಡಿಯನ್‌ನವರು ಮತ್ತೆ ಕೂತು ಶ್ರುತಿ ನೋಡಿಕೊಳ್ಳುತ್ತಿದ್ದರು. ಮೋನಾ ಅವನ ದೊಡ್ಡದಾದ ಕಾಲರನ್ನು, ಅದರೊಳಗಿನ ಸಣ್ಣ ಕತ್ತನ್ನು ನೋಡಿದಳು.

"ಹಾಗೇ ಇದೆ," ಎಂದಳು. "ಏನೂ ಬದಲಾಗಿಲ್ಲ."

"ಹಾಗಾದ್ರೆ ತಪ್ಪು ನಿಂದೇ."

"ನಂದೇ."

ಅವನು ತಲೆದೂಗಿದ. ಮುಖದಲ್ಲಿ ಸ್ವಲ್ಪ ಸಮಾಧಾನ ಕಂಡಿತು.

"ಬೇರೆ ಯಾರನ್ನಾದ್ರೂ ನೋಡ್ತೀಯಾ?" ಎಂದು ಮೋನಾ ಕೇಳಿದಳು. ಕೇಳಬಾರದಾಗಿತ್ತು.

"ಯಾರಿದ್ದಾರೆ?" ಎಂದ ಲೋಮ್. "ಈಸ್ಟರ್‌ಗೆ ಬರೋದಿಲ್ಲ ಅಂತ ಬೆಟ್ಟದ ಊರಿನೋರಿಗೆ ಹೇಳಿ ಕಳಿಸು. ಎತ್ತೋರಿಲ್ಲ ಅಂತ ಹೇಳು. ಅಷ್ಟು ಸಾಕು."

ಅವನು ಹೋಗಿ ಗೋಡೆ ಬದಿಯ ಕುರ್ಚಿಯಲ್ಲಿ ಕೂತ. ಅವಳು ಹತ್ತಿರ ಕೂರಲೋ ಬೇಡವೋ ಎಂದು ನಿಂತಿರುವಾಗಲೇ ಹೊಸ ಕುಣಿತ ಶುರುವಾಗಿ, ಜಾನೆಡ್ ಹಿಟ್ಟಿನ ಕೈಯಲ್ಲೇ ಬಂದು ಅವಳ ತೋಳಿಗೆ ತೋಳು ಸಿಕ್ಕಿಸಿದಳು.

"ಬಾರೇ. ಎಲ್ಲರೂ ನಿನ್ನ ಮುಖಾನೇ ನೋಡ್ತಿದ್ದಾರೆ. ಕಾಲು ನೋಡ್ಲಿ."

ಮೋನಾಳ ಕಾಲು ತಾನಾಗಿ ಹೆಜ್ಜೆ ಹಾಕಿತು. ಇನ್ನೊಂದು ಬದಿಯಿಂದ ಯಾರೋ ಬಂದು ಅವಳ ಇನ್ನೊಂದು ತೋಳು ಹಿಡಿದರು. ಸುತ್ತು ನಿಧಾನವಾಗಿ ಅವಳನ್ನು ಲೋಮ್‌ನ ಮುಂದಿನಿಂದ ಒಯ್ದಿತು. ಅವನು ಕೋಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಭವನವನ್ನೆಲ್ಲ ಬಳಸಿ ಸುತ್ತು ಮತ್ತೆ ಅಲ್ಲಿಗೆ ಬಂದಾಗ ಅವನು ಎದ್ದು ನಿಂತು, ಕೋಟಿನ ಒಂದು ತೋಳು ಹಾಕಿಕೊಂಡು, ಬೆನ್ನ ಹಿಂದೆ ಇನ್ನೊಂದು ತೋಳನ್ನು ಹುಡುಕುತ್ತಿದ್ದ. ಮೋನಾ ಎರಡೂ ಕಡೆಯಿಂದ ಬಿಗಿಯಾಗಿ ಸಿಕ್ಕಿಕೊಂಡಿದ್ದಳು. ಸುತ್ತು ನಿಲ್ಲಲಿಲ್ಲ, ಅವಳನ್ನು ದಾಟಿಸಿಕೊಂಡು ಹೋಯಿತು. ಮುಂದಿನ ಸಲ ಬಂದಾಗ ಕುರ್ಚಿ ಖಾಲಿಯಿತ್ತು. ಅದರ ಮುಂದಿನ ಸಲ ಯಾರೋ ಅದರ ಮೇಲೆ ಮಗುವೊಂದರ ಕೆಂಪು ಸ್ವೆಟರು ಬಿಚ್ಚಿಟ್ಟಿದ್ದರು.