ಹಿಪ್ಪುನೇರಳೆ ಕಡ್ಡಿಯ ಅಳತೆ

ಕನ್ನಡಿಯಲ್ಲಿ ಕಾಲು ಮಾತ್ರ, ಮೊಣಕಾಲಿನಿಂದ ಕೆಳಗಷ್ಟೇ, ಹೊಟ್ಟೆ ಇಲ್ಲ, ಕತ್ತಿನ ಮಡಿಕೆ ಇಲ್ಲ, ಎಂಥ ಒಳ್ಳೆಯ ಕನ್ನಡಿ ಇದು, ನೆಲದ ಮೇಲೆ ಓರೆಯಾಗಿ ನಿಲ್ಲಿಸಿದ ಮೊಳದುದ್ದದ ಕನ್ನಡಿ, ಹೊಟ್ಟೆ ಇಲ್ಲದ ಮುರಳಿಮೋಹನನನ್ನು ತೋರಿಸುವ ಕನ್ನಡಿ ಚಿಕ್ಕಬಳ್ಳಾಪುರದ ಈ ಶೂ ಅಂಗಡಿ ಬಿಟ್ಟರೆ ಇನ್ನೆಲ್ಲೂ ಇರಲಿಕ್ಕಿಲ್ಲ — ಮನೆಯ ಬೀರುವಿನ ಕನ್ನಡಿಯಂತೂ ಹಗೆ, ಗೌರಿಬಿದನೂರು ಸ್ಟೇಷನ್ನಿನ ತೂಕದ ಯಂತ್ರ ಇನ್ನೊಂದು ಹಗೆ, ನೂರು ದಾಟಿ ಹನ್ನೆರಡು ಎಂದು ಚೀಟಿ ಉಗುಳಿತ್ತು ಹೋದ ತಿಂಗಳು, ಉಗುಳಲಿ, ತೂಕ ತಾನೆ, ಕದ್ದ ಮಾಲಲ್ಲವಲ್ಲ. ನಿಮಗೆ ವಾಕಿಂಗ್ ಶೂ ಸಾಕು ಸಾರ್, ಅಂಗಡಿಯವನು ಎರಡನೇ ಸಲ ಹೇಳುತ್ತಿದ್ದಾನೆ, ತೆಳ್ಳನೆಯ ಮನುಷ್ಯ, ಫ್ಯಾನಿನ ಗಾಳಿಗೆ ಅಂಗಿಯೊಳಗೇ ಅಲ್ಲಾಡುವಂಥವನು, ಪಾರ್ಕಲ್ಲಿ ಎರಡು ರೌಂಡ್ ಹಾಕಕ್ಕೆ ಇದೇ ಸರಿ ಸಾರ್. ಓಡಕ್ಕೆ ಬೇಕು ಅಂದೆನಲ್ಲಪ್ಪ, ಓಡಕ್ಕೆ. ಓಡಕ್ಕಾ — ನೀವಾ ಎನ್ನಲಿಲ್ಲ ಪಾಪ, ಅದನ್ನು ಹುಬ್ಬಿನಲ್ಲೇ ಅಂದ. ಎಲ್ಲರೂ ಈ ಅಂಗಡಿಯವನ ಹಾಗೇ, ಕುಡುಮಲಕುಂಟೆಯಲ್ಲಿ ಮುರಳಿಮೋಹನ ಸ್ಟೋರ್ಸ್ ನೋಡಿಕೊಳ್ಳುವ ಫ್ಯಾಕ್ಟರಿಗೆ ಬರುವ ಡಾಕ್ಟರೂ ಹಾಗೇ, ಮೊದಲು ತೂಕ ಇಳಿಸಿ ಆಮೇಲೆ ಓಡಿ, ಅಯ್ಯೋ ಪುಣ್ಯಾತ್ಮ, ಇಳಿಸಬೇಕು ಅಂತ ಯಾರು ಓಡುತ್ತಿದ್ದಾರೆ ಇಲ್ಲಿ, ಮಗಳ ಪಕ್ಕದಲ್ಲಿ ಓಡಬೇಕು ಅಂತ ಓಡುವುದು, ಅವಳ ಜಿಲ್ಲಾ ಮಟ್ಟದ ಓಟ ನಾನು ತೆಳ್ಳಗಾಗುವವರೆಗೆ ಕಾಯುತ್ತದೆಯೇ, ಈಗ ಇರುವ ಈ ಮೈಯೇ ಓಡಬೇಕು, ಇದಕ್ಕೇ ಶೂ ಬೇಕು, ಮುಂದೆ ಯಾವತ್ತೋ ಬರುವ ಇನ್ನೊಂದು ಮೈಗಲ್ಲ.

ಹರಿತಾ ಒಂಬತ್ತನೇ ಕ್ಲಾಸು, ಕಡ್ಡಿ ಕಾಲು, ಓಡಿದರೆ ನೆಲ ಮುಟ್ಟುತ್ತಾಳೋ ಇಲ್ಲವೋ ಗೊತ್ತಾಗುವುದಿಲ್ಲ, ಸ್ಕೂಲಿನ ಮೈದಾನ ಅಂಗೈಯಗಲ, ಅಭ್ಯಾಸಕ್ಕೆ ತೊಂಡೇಬಾವಿ ಕಡೆಯ ರಸ್ತೆಯೇ ಗತಿ, ಅದೂ ಬೆಳಕು ಹರಿಯುವ ಮುಂಚೆ, ಆಮೇಲೆ ಲಾರಿಗಳು. ಒಬ್ಬಳೇ ಕಳಿಸಲ್ಲ ಅಂದರೆ ಕಳಿಸಲ್ಲ ಎಂದಿದ್ದಳು ಕವಿತ, ಒಗ್ಗರಣೆಗೆ ಸಾಸಿವೆ ಹಾಕುತ್ತ, ಅಪ್ಪ ಜೊತೆಗೆ ಹೋದರೆ ಉಂಟು ಇಲ್ಲದಿದ್ದರೆ ಇಲ್ಲ. ತಪ್ಪೇನು, ತಾಯಿ ಹೇಳುವ ಮಾತೇ. ಮೊದಲು ಸ್ಕೂಟರಿನಲ್ಲಿ ಹಿಂದೆ ಹೋದ, ಸ್ಕೂಟರಿನ ಸದ್ದಿಗೆ ಹಾಲಿನ ಡೈರಿ ಹತ್ತಿರದ ನಾಯಿಗಳೆಲ್ಲ ಎದ್ದು ಬಂದವು, ಸ್ಕೂಟರಿಗೆ ಏನೂ ಆಗಲಿಲ್ಲ, ಮುಂದಿದ್ದ ಹುಡುಗಿಯ ಮೀನಖಂಡಕ್ಕೆ ಹಲ್ಲು ತಾಗುವುದೊಂದು ಬಾಕಿ. ಗಾಡಿ ಬೇಡ ಅಪ್ಪ, ನನ್ ಪಕ್ಕ ಓಡು, ಮೆಲ್ಲಗೆ ಓಡಿದ್ರೂ ಪರವಾಗಿಲ್ಲ, ನಾನು ಹೋಗಿ ವಾಪಸ್ ಬಂದು ನಿನ್ನ ಮುಟ್ಟಿ ಹೋಗ್ತಿರ್ತೀನಿ — ಹಾಗಂದಳು, ಕುಂಟೆಬಿಲ್ಲೆ ಆಟದ ನಿಯಮ ಹೇಳುವ ಹಾಗೆ. ಮೋಹನ್‌ಬಾಬು, ಕವಿತಳ ತಮ್ಮ, ಎಲ್ಲ ಬಲ್ಲವನು, ಫೋನಿನಲ್ಲಿ ಬೆರಳಾಡಿಸಿ ಶೂ ತರಿಸಿಕೊಟ್ಟ, ದಪ್ಪ ಇರೋರು ಎರಡು ನಂಬರ್ ಜಾಸ್ತಿ ತಗೋಬೇಕು ಭಾವ, ಕಣ್ಣು ಮುಚ್ಕೊಂಡು ಹಾಕ್ಕೊಳಿ. ಕಣ್ಣು ಮುಚ್ಚಿಯೇ ಹಾಕಿಕೊಂಡ. ಮುಂದೆ ಖಾಲಿ, ಹಿಂದೆ ಹಿಮ್ಮಡಿ ತೇಲುತ್ತದೆ, ಕಾಲು ಒಂದು ಕಡೆ ಶೂ ಒಂದು ಕಡೆ, ಶುಕ್ರವಾರ ಟೀ ಅಂಗಡಿಯ ಮುಂದೆಯೇ ಬೀಳಬೇಕೆ, ಬಿದ್ದ, ಅಂಗೈ ಕಿತ್ತು ಬಂತು, ಬೆಂಚಿನ ಮೇಲೆ ಕೂತಿದ್ದ ಬಯ್ಯಪ್ಪ, ದಿನಾ ನಮಸ್ಕಾರ ಹಾಕುವ ಮನುಷ್ಯ, ಅಬ್ಬೋ ಭೂಮಿ ಅದುರ್ತು ಕಣ್ರೋ ಎಂದ, ಗ್ಲಾಸು ಹಿಡಿದವರೆಲ್ಲ ನಕ್ಕರು, ಒಬ್ಬನಿಗೆ ನೆತ್ತಿಗೂ ಹತ್ತಿತು, ಹತ್ತಲಿ, ಸರಿಯಾಗೇ ಹತ್ತಲಿ. ಹರಿತಾ ದೂರದಿಂದ ತಿರುಗಿ ಓಡಿ ಬಂದಳು, ನಗಲಿಲ್ಲ, ಅಳಲಿಲ್ಲ, ಬಗ್ಗಿ ಇವನ ಅಂಗೈಯ ಕಲ್ಲು ತೆಗೆದಳು, ಅಪ್ಪ, ನಾಳೆ ಬರ್ತೀಯ ತಾನೆ. ನಿನ್ನೆ ಹೋಗಲಿಲ್ಲ, ಮಂಡಿ ಊದಿತ್ತು, ಇವತ್ತೂ ಹೋಗಲಿಲ್ಲ, ಕವಿತ ಮಾತು ಮುಗಿಸಿಬಿಟ್ಟಳು, ರೀ ಇನ್ನೊಂದ್ಸಲ ಬಿದ್ದು ಬಂದ್ರೆ ನಿಮ್ಮದೂ ನಿಲ್ತು ಅವಳದೂ ನಿಲ್ತು. ಹುಡುಗಿ ತನ್ನ ಶೂ ತೊಳೆದು ಮಹಡಿ ಮೆಟ್ಟಿಲ ಮೇಲೆ ಒಣಗಲು ಇಟ್ಟಳು, ಲೇಸು ಬಿಚ್ಚಿ, ನಾಲಿಗೆ ಹೊರಗೆಳೆದು, ಇನ್ನು ಬೇಗ ಬೇಕಾಗುವುದಿಲ್ಲ ಎನ್ನುವ ಹಾಗೆ. ಅದನ್ನು ನೋಡಿದ ಮೇಲೆ ಊಟಕ್ಕೂ ಕೂರದೆ ಬಸ್ಸು ಹತ್ತಿ ಬಂದದ್ದು.

ಇದನ್ನ ನೋಡಿ ಸಾರ್, ಹಾಸಿಗೆ ಹಾಸಿಗೆ, ನಿಮ್ಮಂಥೋರಿಗೆ ಮೆತ್ತಗಿರೋದೇ ಬೇಕು, ಅಂಗಡಿಯವನು ತೊಡಿಸುತ್ತಾನೆ, ಏಳುತ್ತಾನೆ ಮುರಳಿಮೋಹನ, ಹೌದು ಹಾಸಿಗೆಯೇ, ಒಳಬದಿಗೆ ಕುಸಿಯಿತು, ಕಣಕಾಲು ಎರಡೂ ಒಂದನ್ನೊಂದು ಮಾತಾಡಿಸಲು ಹೋದವು, ಮಲಗುವುದಕ್ಕೆ ಸರಿ, ಓಡುವುದಕ್ಕಲ್ಲ. ಇನ್ನೊಂದು, ಅಟ್ಟೆ ಗಟ್ಟಿ, ಹಿಮ್ಮಡಿ ಅಲ್ಲಾಡದೆ ಕೂರುತ್ತದೆ, ಇದು ಮನುಷ್ಯ ಮಾಡಿದ ಶೂ ಅನ್ನಿಸಿತು, ಆದರೆ ಕಿರುಬೆರಳು ಶೂವಿನ ಪಕ್ಕದ ಗೋಡೆಗೆ ಸಿಕ್ಕಿ ಕೂಗಿಕೊಂಡಿತು. ಅದಕ್ಕೇನ್ ಸಾರ್, ಎರಡು ನಂಬರ್ ದೊಡ್ಡದು ಕೊಡ್ತೀನಿ — ಎರಡು ನಂಬರ್, ಮತ್ತೆ ಅದೇ, ಮೋಹನ್‌ಬಾಬುವೂ ಅದೇ, ಇದನ್ನು ಎಲ್ಲಿ ಕೇಳಿದ್ದೆ, ಎರಡು ನಂಬರಲ್ಲ, ಎರಡು ಬೆರಳು, ಎರಡು ಬೆರಳು ಉದ್ದಕ್ಕೆ ಮುರಿ, ಹುಟ್ಟೂರು ಸಾದಲಿ, ಅಪ್ಪನ ಗಂಟಲು, ಹುಳು ಮನೆಯ ಬಾಗಿಲು, ಸುಣ್ಣದ ವಾಸನೆ. ರೇಷ್ಮೆ ಹುಳುವಿನ ಮನೆಗೆ ಚಪ್ಪಲಿಯಲ್ಲಿ ಹೋಗುವಂತಿಲ್ಲ, ಹುಳುಗಳಿಗೆ ರೋಗ ಬರುತ್ತದೆ, ಹೊಸ್ತಿಲಲ್ಲಿ ಹರಡಿದ ಸುಣ್ಣದ ಪುಡಿ ತುಳಿದೇ ಒಳಗೆ ಹೋಗಬೇಕು, ತಲೆ ಮೇಲೆ ಸೊಪ್ಪಿನ ಮಂಕರಿ, ಬರಿಗಾಲು, ಕರಿ ನೆಲದ ಮೇಲೆ ಎಲ್ಲರ ಬಿಳಿ ಹೆಜ್ಜೆ, ಅಮ್ಮನದು ನಡುವೆ ಸಣ್ಣ, ಅಪ್ಪನದು ಉದ್ದ, ಇವನದು ಮಾತ್ರ ಎಲ್ಲೂ ತಗ್ಗಿಲ್ಲದ್ದು, ಐದು ಬೆರಳೂ ಬಿಡಿಬಿಡಿ, ತಟ್ಟಿದ ರೊಟ್ಟಿಯ ಹಾಗೆ. ಆನೆ ಬಂದ್ಹೋಗೈತೆ ನೋಡ್ರಪ್ಪ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದ ಅಪ್ಪ ಆವಲಪ್ಪ, ಪ್ರೀತಿಗೇ ಇರಬಹುದು, ಇವನು ಮಾತ್ರ ಯಾರೂ ಬರುವ ಮುಂಚೆ ಗೋಣಿತಾಟು ತಂದು ತನ್ನ ಹೆಜ್ಜೆ ಒಂದೊಂದೇ ಒರೆಸಿಬಿಡುತ್ತಿದ್ದ, ಕೂತುಕೊಂಡು, ಕೈಗೆ ಸುಣ್ಣ ಕಚ್ಚುವವರೆಗೂ.

ಅಪ್ಪ ರೇಷ್ಮೆಗೂಡು ಮಾರಲು ಶಿಡ್ಲಘಟ್ಟಕ್ಕೆ ಹೊರಟ ದಿನ ಅಮ್ಮ ಓಬಳಮ್ಮ ಹಿಪ್ಪುನೇರಳೆಯ ಹಸಿ ಕಡ್ಡಿ ತಂದು ಇವನ ಪಾದದ ಕೆಳಗೆ ಹಿಡಿಯುತ್ತಿದ್ದಳು, ಕದಲಬೇಡ ನಾಯ್ನಾ, ಹಿಮ್ಮಡಿಯಿಂದ ಹೆಬ್ಬೆರಳ ತುದಿಗೆ ಸರಿಯಾಗಿ ಮುರಿದು ಅಪ್ಪನ ಜೇಬಿಗೆ ಸಿಕ್ಕಿಸುವಳು, ಅಪ್ಪ ಗೂಡು ಮಾರಿ ಅಂಗಡಿಗೆ ಹೋಗಿ ಕಡ್ಡಿಯನ್ನು ಶೂ ಒಳಗಿಟ್ಟು ನೋಡುವನು, ಹಿಡಿಸಿದರೆ ತಗೊಂಡ, ಹಾಗೇ ಎಲ್ಲರ ಮನೆಯಲ್ಲೂ, ಮಕ್ಕಳನ್ನು ಬಸ್ಸಿನಲ್ಲಿ ಯಾರು ಕರೆದೊಯ್ಯುತ್ತಾರೆ, ಕಡ್ಡಿ ಹೋಗಿ ಬಂದರಾಯಿತು. ಅಮ್ಮಾ ಬಿಗಿ ಆಗ್ತದೆ ಎಂದು ಇವನು ಅತ್ತಾಗ ಅಪ್ಪ ಅಂದದ್ದು, ಎರಡು ಬೆರಳು ಉದ್ದಕ್ಕೆ ಮುರಿಯೇ, ಬೆಳೆಯೋ ಹುಡುಗ — ಮುರಿದಳು, ಮುಂದಕ್ಕೆ ಬಟ್ಟೆ ತುರುಕಿದಳು, ಹೈಸ್ಕೂಲಿನ ಓಟದಲ್ಲಿ ಬಟ್ಟೆ ಒಂದು ಕಡೆ ಶೂ ಒಂದು ಕಡೆ ಹಾರಿ ಬಿದ್ದ, ಡ್ರಿಲ್ ಮೇಷ್ಟ್ರು ನರಸಿಂಹಮೂರ್ತಿಗಳು ನಕ್ಕು, ನಿಂಗ್ಯಾಕೋ ಓಟ, ಗುಂಡು ಎಸೆತಕ್ಕೆ ಹೋಗೋ ಎಂದರು, ಹೋದ, ಅಲ್ಲಿಂದ ಇಲ್ಲಿಯವರೆಗೂ ಹಾಗೇ ನಡೆದುಬಂದ, ಕಾಲನ್ನೇ ಬೈದುಕೊಂಡು, ತೂಕವನ್ನೇ ಬೈದುಕೊಂಡು. ಅಯ್ಯೋ ನನ್ನ ಬುದ್ಧಿಯೇ! ಕಡ್ಡಿಗೆ ಉದ್ದ ಗೊತ್ತು, ಅಗಲ ಎಲ್ಲಿ ಗೊತ್ತು? ಅಂಗಡಿಯವನ ನಂಬರೂ ಕಡ್ಡಿಯೇ, ಭಾಮೈದನ ಫೋನೂ ಕಡ್ಡಿಯೇ, ಬದುಕೆಲ್ಲ ಕಡ್ಡಿ ಹಿಡಿದು ಅಳೆದು ಕಾಲನ್ನೇ ತಪ್ಪು ಅಂದರಲ್ಲ, ಕಾಲಿಗೇನಾಗಿದೆ, ಸೊಪ್ಪಿನ ಮಂಕರಿ ಹೊತ್ತ ಕಾಲು, ಈಗಲೂ ನೂರ ಹನ್ನೆರಡು ಹೊರುತ್ತಿರುವ ಕಾಲು, ಒಂದು ದಿನ ರಜಾ ಕೇಳದ ಕಾಲು.

ಸ್ವಲ್ಪ ನೀರು ಕೊಡಪ್ಪ. ಕುಡಿಯಕ್ಕಾ ಸಾರ್? ಅಲ್ಲ, ಕಾಲಿಗೆ. ಬಾಟಲಿ ಕೊಟ್ಟ, ಬಾಯಿ ಬಿಟ್ಟುಕೊಂಡು ನಿಂತ, ಮುರಳಿಮೋಹನ ಕಾಲುಚೀಲ ಕಿತ್ತು ಪಾದ ನೆನೆಸಿ ಟೈಲ್ಸಿನ ಮೇಲೆ ಒತ್ತಿ ನಿಂತ, ಭಾರ ಪೂರ್ತಿ ಬಿಟ್ಟು, ಎಷ್ಟೋ ವರ್ಷವಾಗಿತ್ತು ಹಾಗೆ ಭಾರ ಬಿಟ್ಟು ನಿಂತು, ಆಮೇಲೆ ಕಾಲೆತ್ತಿದ. ಬಿಗಿಯಾದ ಶೂ ಒಳಗಿನ ಹಾಸು ಎಳೆದು ಆ ಒದ್ದೆ ಹೆಜ್ಜೆಯ ಮೇಲೆ ಇಟ್ಟ, ಉದ್ದ ಸರಿ, ಎರಡೂ ಪಕ್ಕ ಹೆಜ್ಜೆ ಹೊರಗೆ. ನೋಡಪ್ಪ, ಉದ್ದ ಬೇಡ ನಂಗೆ, ಇದೇ ನಂಬರಲ್ಲಿ ಅಗಲ ಬೇಕು, ಅಟ್ಟೆ ಗಟ್ಟಿ ಇರಬೇಕು. ಅಂಗಡಿಯವನು ತಲೆ ಕೆರೆದುಕೊಂಡ, ಒಂದು ಐತೆ ಸಾರ್, ಯಾರೂ ಮುಟ್ಟಲ್ಲ, ನೋಡಕ್ಕೆ ದೋಣಿ ತರ, ಬಣ್ಣ ಬೇರೆ — ಏಣಿ ಹಾಕಿ ಅಟ್ಟದಿಂದ ಇಳಿಸಿದ, ಧೂಳು ಒರೆಸಿದ, ಕಿತ್ತಳೆ, ಸಂತೆಯ ಹಣ್ಣಿನ ರಾಶಿಯಂಥ ಕಿತ್ತಳೆ, ಅಗಲ ಬಾಯಿ. ಹಾಸನ್ನು ಹೆಜ್ಜೆಯ ಮೇಲಿಟ್ಟರೆ ಹೆಜ್ಜೆ ಅದರೊಳಗೇ ಅಡಗಿತು. ಕಾಲಿಟ್ಟ, ಬೆರಳುಗಳು ಅಕ್ಕಪಕ್ಕ ಸರಿದು ಕೂತವು, ಒಂದೂ ಕೂಗಲಿಲ್ಲ. ಇಲ್ಲೇ ನಾಕು ಹೆಜ್ಜೆ ನಡೆದು ನೋಡಿ ಸಾರ್. ನಡೆಯಕ್ಕೆ ಬಂದಿಲ್ಲಪ್ಪ ನಾನು, ಮೊಬೈಲು ನಿನ್ನ ಹತ್ರ ಇಟ್ಕೋ, ಓಡಿ ಬರ್ತೀನಿ — ಬಿ.ಬಿ. ರಸ್ತೆ, ಭಾನುವಾರದ ಬಿಸಿಲು, ಹೂವಿನವಳು ಮೊಳ ಹಾಕುವ ಕೈ ನಿಲ್ಲಿಸಿದಳು, ನಿಲ್ಲಿಸಲಿ, ಆಟೋದವನು ಸೀಟಿ ಹೊಡೆದ, ಹೊಡೆಯಲಿ, ಹೊಟ್ಟೆ ಮೇಲೆ ಕೆಳಗೆ ಕುಣಿಯುತ್ತದೆ, ಕುಣಿಯಲಿ, ನನ್ನದೇ ಹೊಟ್ಟೆ, ಮಂಡಿ ನೋಯುತ್ತದೆ, ಆದರೆ ಕಾಲು ಜಾರುತ್ತಿಲ್ಲ, ಹಿಮ್ಮಡಿ ತೇಲುತ್ತಿಲ್ಲ, ಧಪ್ ಧಪ್, ಭೂಮಿ ಅದುರ್ತಾ ಬಯ್ಯಪ್ಪ, ಅದುರಲಿ, ನಾಳೆ ಬೆಳಿಗ್ಗೆ ನಿನ್ನ ಟೀ ಗ್ಲಾಸೂ ಅದುರುತ್ತದೆ ಹುಷಾರು, ಮೂಲೆಯ ಮೆಡಿಕಲ್ಸ್ ಮುಟ್ಟಿ ತಿರುಗಿದ, ಮುಟ್ಟಿ ತಿರುಗುವುದು, ಅದೇ ಆಟ, ನನ್ನ ಮುಟ್ಟಿ ಹೋಗಮ್ಮ ಹರಿತಾ, ಎಷ್ಟು ಸಲ ಬೇಕಾದರೂ ಮುಟ್ಟಿ ಹೋಗು, ನಾನು ರಸ್ತೆಯಲ್ಲೇ ಇರ್ತೀನಿ. ಏದುಸಿರು ಬಿಡುತ್ತ ಅಂಗಡಿ ಮೆಟ್ಟಿಲು ಹತ್ತಿದಾಗ ಅಂಗಡಿಯವನು ಉದ್ದ ಕೋಲಿನ ಒರೆಸುಬಟ್ಟೆ ತಂದು ನೆಲದ ಮೇಲೆ ಬಗ್ಗಿದ್ದ, ಟೈಲ್ಸಿನ ಮೇಲೆ ತನ್ನ ಒದ್ದೆ ಹೆಜ್ಜೆ ಇನ್ನೂ ಹಾಗೇ ಇತ್ತು, ತಗ್ಗಿಲ್ಲದ್ದು, ಅಗಲದ್ದು, ಐದು ಬೆರಳೂ ಬಿಡಿಬಿಡಿ, ಅಪ್ಪ ನಾಳೆ ಬರ್ತೀಯ ತಾನೆ, ಕರಿ ನೆಲ, ಬಿಳಿ ಸುಣ್ಣ, ಗೋಣಿತಾಟು, ಬೇಡ, ಒರೆಸಬೇಡಪ್ಪ, ತಾನಾಗೇ ಒಣಗಲಿ, ಆ ಹೆಜ್ಜೆ ಒರೆಸಬೇಡ, ಆ ಹೆಜ್ಜೆ —