ಮೂರು ಗಂಟಿನ ಉಸಿರು

ಕೌದಳ್ಳಿಯ ಮಾದಣ್ಣನ ಓಲಗವಿಲ್ಲದೆ ಹನೂರು ಸೀಮೆಯಲ್ಲಿ ಮದುವೆಯೇ ಆಗುವುದಿಲ್ಲ ಎಂದು ಯಾರಾದರೂ ಹೊಗಳಿದರೆ, ಅವನು ಬೇಡ ಎನ್ನುವ ಆಸಾಮಿಯಲ್ಲ. ನಲವತ್ತು ವರ್ಷ ನಾದಸ್ವರ ಊದಿದವನು. ತಾಳಿ ಕಟ್ಟುವ ಹೊತ್ತಿಗೆ ಪುರೋಹಿತರು ಗಟ್ಟಿಮೇಳ ಎಂದರೆ ಸಾಕು, ಮೊದಲ ಗಂಟಿನಿಂದ ಮೂರನೇ ಗಂಟಿನವರೆಗೆ ಒಂದೇ ಉಸಿರು. ಮದುಮಗನ ಕೈ ನಡುಗಿ ಗಂಟು ತಡವಾದರೂ ಮಾದಣ್ಣನ ಸ್ವರ ಮುರಿದದ್ದಿಲ್ಲ. ಆ ಜಂಬವೊಂದೇ ಅವನ ಆಸ್ತಿ.

ಸ್ಕೂಟರಿನಿಂದ ಬಿದ್ದು ಕೊಳ್ಳೇಗಾಲದಲ್ಲಿ ಸ್ಕ್ಯಾನ್ ಮಾಡಿಸಿದಾಗ ಪಕ್ಕೆಲುಬು ನೆಟ್ಟಗೇ ಇತ್ತು. ಶ್ವಾಸಕೋಶದ ಅಂಚಿನಲ್ಲಿ ಮಾತ್ರ ಅವರೆಕಾಳಿನಷ್ಟು ಗಡ್ಡೆ. ಎದೆ ಕೊಯ್ಯುವುದಿಲ್ಲ, ಪಕ್ಕೆಯಲ್ಲಿ ಮೂರು ಸಣ್ಣ ತೂತು ಮಾಡಿ, ಒಂದರಲ್ಲಿ ಕ್ಯಾಮೆರಾ ಬಿಟ್ಟು, ಗಡ್ಡೆಯನ್ನು ಸುತ್ತಲಿನ ಚೂರು ಶ್ವಾಸಕೋಶದ ಜೊತೆ ತೆಗೆಯುತ್ತೇವೆ ಎಂದರು ಮೈಸೂರಿನ ಡಾಕ್ಟರು.

“ಚೂರು ಅಂದ್ರೆ ಏಟು ಸಾ? ಗಟ್ಟಿಮೇಳಕ್ಕೆ ಉಸುರು ಉಳೀತದಾ?”

“ಉಳಿಯುತ್ತೆ. ಹಾಗೇ ಬಿಟ್ಟರೆ ಗಡ್ಡೆ ಬೆಳೀಬಹುದು, ಆಗ ಕಷ್ಟ.”

ಮಾದಣ್ಣ ನಂಬಲಿಲ್ಲ. ಹೆಂಡತಿ ಬಸವಮ್ಮನ ಮುಖ ನೋಡಿ ಒಪ್ಪಿಕೊಂಡ.

ಆಪರೇಷನ್ ಆದ ಮರುದಿನ ನರ್ಸಮ್ಮ ಉಸಿರಿನ ವ್ಯಾಯಾಮಕ್ಕೆಂದು ಮೂರು ಚೆಂಡು, ಒಂದು ಕೊಳವೆಯಿದ್ದ ಪ್ಲಾಸ್ಟಿಕ್ ಡಬ್ಬಿ ಕೊಟ್ಟು, “ಚೆಂಡು ಮೇಲೇಳಬೇಕು, ಮಾಡಿ” ಎಂದು ಪಕ್ಕದ ಮಂಚಕ್ಕೆ ಹೋದಳು. ಮಾದಣ್ಣ ಕೊಳವೆ ಬಾಯಿಗಿಟ್ಟು ಊದಿದ. ಚೆಂಡು ಏಳಲಿಲ್ಲ. ಹೊಲಿಗೆ ಎಳೆಯುತ್ತಿದ್ದರೂ ಕೆನ್ನೆಯುಬ್ಬಿಸಿ ಇನ್ನೊಮ್ಮೆ ಊದಿದ. ಮೂರೂ ಬಿದ್ದಲ್ಲೇ ಬಿದ್ದಿದ್ದವು. ಡಬ್ಬಿ ಕೆಳಗಿಟ್ಟು ಗೋಡೆ ಕಡೆ ತಿರುಗಿಕೊಂಡ. ನಲವತ್ತು ವರ್ಷದ ಜಂಬ ಕಣ್ಣಲ್ಲಿ ನೀರಾಗಿ ಇಳಿಯಿತು.

“ಓಯ್ತು ಕಣಮ್ಮಿ. ಉಸುರೆಲ್ಲ ತಗ್ದ್ಬುಟ್ಟವ್ರೆ.”

ಬಸವಮ್ಮ ಡಬ್ಬಿ ಎತ್ತಿ ಮಂಚದ ಮೇಲಿಟ್ಟಳು. ವಾಪಸು ಬಂದ ನರ್ಸಮ್ಮ ನಕ್ಕಳು. “ಊದೋದಲ್ಲ ಅಣ್ಣ, ಒಳಕ್ಕೆ ಎಳ್ಕೋಬೇಕು.”

ಎಳೆದುಕೊಳ್ಳುವುದೆ? ಅವನು ಬಾಯಿಗಿಟ್ಟ ಯಾವ ಕೊಳವೆಯೂ ಇದುವರೆಗೆ ಅದನ್ನು ಕೇಳಿರಲಿಲ್ಲ. ಮಗುವಿನ ಹಾಗೆ ಕಲಿತ. ಅಂದು ಒಂದು ಚೆಂಡು ಎದ್ದಿತು, ಎರಡನೆಯದು ಅಲುಗಿತು.

ಊರಿಗೆ ಬಂದ ಮೇಲೆ ನೋಡಲು ಬಂದವರೆಲ್ಲ ಅಂಗಿ ಎತ್ತಿಸಿ, ಗಾಯ ಇಷ್ಟೇನಾ ಎಂದು ಬೇಸರಪಟ್ಟುಕೊಂಡು ಹೋದರು. ಗಡ್ಡೆ ಪೂರ್ತಿ ಹೊರಬಂದಿದೆ, ಬೇರೆ ಚಿಕಿತ್ಸೆ ಬೇಡ, ಮೂರು ತಿಂಗಳ ಮೇಲೆ ಓಲಗ ಊದಬಹುದು ಎಂದು ಆಸ್ಪತ್ರೆಯಿಂದ ಫೋನೂ ಬಂತು. ಮಾದಣ್ಣ ಹೂಂಗುಟ್ಟಿದ. ಅವನ ಕಣ್ಣೆಲ್ಲ ಮೂರನೇ ಚೆಂಡಿನ ಮೇಲೆ.

ಇಪ್ಪತ್ತನೇ ದಿನ ಬೆಳಿಗ್ಗೆ ಜಗಲಿಯಲ್ಲಿ ಅದು ಎದ್ದಿತು. ಮೂರೂ ಡಬ್ಬಿಯ ನೆತ್ತಿಗೆ ಅಂಟಿ ನಿಂತವು. ಮಾದಣ್ಣ ಬಿಡಲಿಲ್ಲ. ಕತ್ತಿನ ನರ ಉಬ್ಬಿತು, ಬಿಡಲಿಲ್ಲ. ರಾಗಿ ಕೇರುತ್ತಿದ್ದ ಬಸವಮ್ಮ ಮೊರ ಕೆಳಗಿಟ್ಟಳು. ಕೈ ತಾನಾಗಿ ಕೊರಳ ತಾಳಿಗೆ ಹೋಗಿತ್ತು. ತುಟಿಯಲ್ಲೇ ಎಣಿಸಿದಳು, ಒಂದು, ಎರಡು, ಮೂರು.

“ಮೂರ್ನೇ ಗಂಟೂ ಬಿತ್ತು,” ಎಂದಳು. “ನಿಲ್ಸಿ ಇನ್ನ.”

ಮಾದಣ್ಣ ಆಗ ಉಸಿರು ಬಿಟ್ಟ.