ಹಳೆ ಮಾತ್ರೆ, ಹೊಸ ಮಾತ್ರೆ

ಕರಡು ತಿದ್ದುವವಳಿಗೆ ಬೆಳಿಗ್ಗೆ ಹನ್ನೊಂದಕ್ಕೆ ತೂಕಡಿಕೆ ಬರಬಾರದು. ಬಂದಿತ್ತು. ಒಂದು ಇಡೀ ಪ್ಯಾರಾ ಬಿಟ್ಟುಹೋಗಿ ಪುಸ್ತಕ ಅಚ್ಚಾಗಿತ್ತು. "ಇನ್ನೊಂದು ಸಲ ಹೀಗಾದ್ರೆ ಬೇರೆಯವರನ್ನ ನೋಡ್ಕೋಬೇಕಾಗುತ್ತಮ್ಮ," ಎಂದಿದ್ದರು ಮುದ್ರಣಾಲಯದ ಯಜಮಾನರು, ದನಿ ಏರಿಸದೆ. ಬೈದಿದ್ದರೇ ವಾಸಿಯಿತ್ತು.

ಅದಕ್ಕೇ ಡಾಕ್ಟರು ಖಿನ್ನತೆಯ ಮಾತ್ರೆ ಬದಲಿಸಿದ್ದರು. ಅಮಿಟ್ರಿಪ್ಟಿಲಿನ್ ನಿಲ್ಲಿಸಿ ಇವತ್ತಿನಿಂದ ನಾರ್‌ಟ್ರಿಪ್ಟಿಲಿನ್. ಎರಡೂ ಒಂದೇ ಗುಂಪಿನವು, ಹೊಸದರಲ್ಲಿ ಮಂಪರು ಕಡಿಮೆ. ಆದರೆ ವರ್ಷದ ಹಿಂದೆ, ಗೋಡೆಗೆ ಮುಖಮಾಡಿ ಮಲಗಿದ್ದವಳನ್ನು ಎಬ್ಬಿಸಿ ಕೂರಿಸಿದ್ದು ಹಳೆಯದು. ಆ ದಿನಗಳು ಮತ್ತೆ ವಕ್ಕರಿಸಿದರೆ? ಹೊಸದರ ಜೊತೆ ಹಳೆಯದರ ಅರ್ಧವನ್ನೂ ನುಂಗಿಬಿಡುವುದೆಂದು ಯಾರಿಗೂ ಹೇಳದೆ ನಿರ್ಧರಿಸಿದ್ದಳು. ಆದರೂ ಮನಸ್ಸು ತಡೆಯದೆ, ಸಂಜೆ ಎರಡೂ ಮಾತ್ರೆ ಪೆಟ್ಟಿಗೆಯೊಳಗಿನ ಮಾಹಿತಿ ಚೀಟಿಗಳನ್ನು ಮೇಜಿನ ಮೇಲೆ ಹರಡಿದಳು.

"ನೀನು ಹೊಸದನ್ನ ಗಟ್ಟಿಯಾಗಿ ಓದು, ನಾನು ಹಳೇದನ್ನ ನೋಡ್ತೀನಿ," ಎಂದಳು ನಾದಿನಿಗೆ. ಕರಡನ್ನು ಮೂಲಪ್ರತಿಯೊಂದಿಗೆ ತಾಳೆ ನೋಡುವ ಕ್ರಮವೇ ಅದು.

"ಅತ್ತಿಗೆ, ಇದನ್ನೂ ಅಚ್ಚಿಗೆ ಕಳಿಸ್ತೀರಾ?"

"ಓದೇ ತಾಯಿ."

"ಬಾಯಿ ಒಣಗುವುದು."

"ಇದರಲ್ಲೂ ಇದೆ."

"ಮಲಬದ್ಧತೆ."

"ಇದೆ. ಮುಂದೆ."

"ಕಣ್ಣು ಮಂಜಾಗುವುದು, ಬೆವರು, ಎದೆ ಡವಗುಟ್ಟುವುದು... ಇದಕ್ಕಿಂತ ಕಾಯಿಲೇನೇ ವಾಸಿ ಬಿಡಿ!"

ಅವಳು ನಗಲಿಲ್ಲ. ಪೆನ್ಸಿಲ್ ಸಾಲಿನಿಂದ ಸಾಲಿಗೆ ಗುರುತು ಹಾಕುತ್ತಿತ್ತು. ತೂಕಡಿಕೆ ಎರಡರಲ್ಲೂ ಇತ್ತು. ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದು ಯಾವ ಚೀಟಿಯೂ ಬಾಯಿ ಬಿಡಲಿಲ್ಲ.

"ವೈದ್ಯರು ಹೇಳದೆ ಇದೇ ಗುಂಪಿನ ಬೇರೆ ಮಾತ್ರೆಯೊಂದಿಗೆ ಸೇವಿಸಬಾರದು. ಹೃದಯದ ಬಡಿತ ಏರುಪೇರಾಗಬಹುದು."

ಪೆನ್ಸಿಲ್ ನಿಂತಿತು.

ನಾದಿನಿ ತಲೆಯೆತ್ತಿದಳು. "ಯಾಕೆ ನಿಲ್ಲಿಸಿದ್ರಿ? ಅತ್ತಿಗೆ... ಎರಡೂ ನುಂಗೋಕೆ ಹೊರಟಿದ್ರಾ?"

"ಅರ್ಧ ಮಾತ್ರ."

"ಚೆನ್ನಾಗಿದೆ!" ಎನ್ನುತ್ತ ನಾದಿನಿ ಔಷಧಿ ಅಂಗಡಿಯಾಕೆಗೆ ಫೋನ್ ಹಚ್ಚಿ, ವಿಷಯ ಹೇಳಿ, ಇವಳ ಕಿವಿಗೆ ಹಿಡಿದಳು.

"ಬೇಡಮ್ಮ, ಖಂಡಿತ ಬೇಡ," ಎಂದರು ಅಂಗಡಿಯಾಕೆ. "ಹಳೇದು ಮೈಯೊಳಗೆ ಹೋದ್ಮೇಲೆ ಅದರಲ್ಲಿ ಒಂದಷ್ಟು ಹೊಸದೇ ಆಗಿಬಿಡುತ್ತೆ. ವರ್ಷದಿಂದ ನಿಮ್ಮ ಮೈಗೆ ಈ ಹೊಸದರ ಪರಿಚಯ ಇದೆ. ಎರಡೂ ಸೇರಿದ್ರೆ ಹೊರೆ ಮೇಲೆ ಹೊರೆ. ಡಾಕ್ಟರ್ ಹೇಳಿದಷ್ಟೇ ತಗೊಳ್ಳಿ, ಏನಾದ್ರೂ ಅನ್ನಿಸಿದ್ರೆ ಅವರಿಗೇ ಫೋನ್ ಮಾಡಿ."

ಪರಿಚಯ ಇದೆ. ಆ ಮಾತನ್ನು ಎರಡು ಸಲ ಒಳಗೊಳಗೇ ಓದಿಕೊಂಡಳು. ಹಳೆಯ ಪೆಟ್ಟಿಗೆಯನ್ನು ನಾದಿನಿಯತ್ತ ತಳ್ಳಿದಳು.

"ಬಚ್ಚಿಡ್ಲಾ?"

"ಬಚ್ಚಿಟ್ರೆ ಹುಡುಕ್ತೀನಿ. ಅಂಗಡಿಗೇ ವಾಪಸ್ ಕೊಟ್ಬಿಡು. ಈಗಲೇ ಹೋಗು."

ನಾದಿನಿ ಚಪ್ಪಲಿ ಮೆಟ್ಟಿದಳು. ಮೆಟ್ಟಿಲಿಳಿಯುವ ಸದ್ದು ಕೇಳುತ್ತ ಬಾಗಿಲ ಬಳಿ ನಿಂತವಳ ಬಾಯಿ ವಾಪಸ್ ಕರೆಯಲು ತೆರೆದುಕೊಂಡಿತು. ಆ ಬಾಯಿಗೆ ಹೊಸ ಮಾತ್ರೆ ಹಾಕಿಕೊಂಡು ನೀರು ಕುಡಿದಳು.